ಹೊಟ್ಟೆ ಖಾಲಿ ಇದ್ದಾಗ ಹೃದಯದ ಜೀವಕೋಶ ಏನು ತಿನ್ನುತ್ತದೆ?

ನೀವು ಕೇಳಿದ್ದು: ಏಕಾದಶಿಗೆ ದಿನಪೂರ್ತಿ ಏನೂ ತಿನ್ನುವುದಿಲ್ಲ, ಕೈಕಾಲಿಗಾದರೆ ರಜ ಕೊಡಬಹುದು, ಹೃದಯಕ್ಕೆ ಆಗಲ್ಲ, ಅದರ ಜೀವಕೋಶಗಳು ಹೇಗೆ ತಡೆದುಕೊಳ್ಳುತ್ತವೆ ಅಂತ.

ನಾನು ಡಾಕ್ಟರ್ ಅಲ್ಲ. ಮಡಿಕೇರಿಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಕೆಲವು ವರ್ಷ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಜೀವಕೋಶಗಳನ್ನು ಸಾಕುತ್ತಿದ್ದೆ.

ಹೃದಯ ಸಕ್ಕರೆಯಿಂದಲೇ ಓಡುತ್ತದೆ ಅಂತ ನನ್ನ ವಿದ್ಯಾರ್ಥಿಗಳೂ ಬರೆಯುತ್ತಾರೆ. ಹಾಗಿಲ್ಲ. ಮಾಮೂಲಿ ದಿನಗಳಲ್ಲೂ ಅದರ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಕೊಬ್ಬಿನಿಂದ. ನೀವು ಉಪವಾಸ ಇದ್ದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಅದರಲ್ಲಿ ಸ್ವಲ್ಪವನ್ನು ಲಿವರ್ ಕೀಟೋನ್ ಅನ್ನುವ ಇನ್ನೊಂದು ಇಂಧನ ಮಾಡಿ ಕಳಿಸುತ್ತದೆ. ಹೃದಯ ಎರಡನ್ನೂ ಉರಿಸುತ್ತದೆ. ಅಂದರೆ ಏಕಾದಶಿ ನಿಮಗೆ, ಅದಕ್ಕಲ್ಲ! ಇಲಿಗಳನ್ನು ಉಪವಾಸ ಕೆಡವಿದಾಗ ಲಿವರಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಬರಿದಾಗುತ್ತದೆ, ಹೃದಯದ್ದು ಮಾತ್ರ ಏರುತ್ತದೆ.

ಹೊರಗಿಂದ ಬರುವುದೇ ನಿಂತರೆ ಕಥೆ ಬೇರೆ. ಶಕ್ತಿ ಇಳಿದಿದ್ದನ್ನು ಎಎಂಪಿಕೆ ಅನ್ನುವ ಕಿಣ್ವ ಪತ್ತೆ ಮಾಡುತ್ತದೆ. ಅಮೈನೋ ಆಮ್ಲ ಸಾಲದಿದ್ದರೆ ಎಂಟಾರ್ ಅನ್ನುವ ಇನ್ನೊಂದು ಸುಮ್ಮನಾಗುತ್ತದೆ, ಹೊಸ ಪ್ರೋಟೀನ್ ಕಟ್ಟುವ ಕೆಲಸ ನಿಧಾನವಾಗುತ್ತದೆ. ಆಮೇಲೆ ಜೀವಕೋಶ ತನ್ನದನ್ನೇ ತಿನ್ನಲು ಶುರು ಮಾಡುತ್ತದೆ. ಇದಕ್ಕೆ ಆಟೊಫಜಿ ಅಂತ ಹೆಸರು. ಯೀಸ್ಟನ್ನು ಹಸಿವಿಗೆ ಕೆಡವಿ ಇದರ ಗುಟ್ಟು ಬಿಡಿಸಿದ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಕಕ್ಕಡದ ಮಳೆಗೆ ಹೊಳೆ ಉಕ್ಕಿ, ರಸ್ತೆ ಮುಳುಗಿ, ಗ್ಯಾಸ್ ಮುಗಿದ ದಿನ ನಮ್ಮ ಮನೆಯಲ್ಲಿ ಹಿತ್ತಲಿನ ಹಳೇ ಕಾಫಿ ಬುಡಗಳು ಒಲೆಗೆ ಹೋಗುತ್ತವೆ. ಮುರಿದ ಏಣಿಯೂ ಹೋಗಿದೆ. ಮಂಚ ಮುಟ್ಟುವುದಿಲ್ಲ. ಜೀವಕೋಶ ನಮ್ಮಷ್ಟು ಆರಿಸುವುದಿಲ್ಲ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಕೆಟ್ಟರೆ ಅದಕ್ಕೆ ಗುರುತು ಬೀಳುವುದು ನಿಜ, ಆದರೆ ಹಸಿವು ಜೋರಾದರೆ ಕೈಗೆ ಸಿಕ್ಕಿದ್ದನ್ನೂ ಪೊರೆಯಲ್ಲಿ ಸುತ್ತಿ ಲೈಸೊಸೋಮ್ ಅನ್ನುವ ಅರೆಯುವ ಚೀಲಕ್ಕೆ ಹಾಕುತ್ತದೆ. ಅಲ್ಲಿ ಅರೆದು ಬಂದ ಅಮೈನೋ ಆಮ್ಲ, ಕೊಬ್ಬು ಮತ್ತೆ ಬಳಕೆಗೆ ಬರುತ್ತವೆ.

ಇದನ್ನು ಕಣ್ಣಾರೆ ನೋಡಿದ್ದೇನೆ. ಆಗ ತಾನೇ ಹುಟ್ಟಿದ ಇಲಿಮರಿಯ ಹೃದಯದ ಜೀವಕೋಶಗಳು ತಟ್ಟೆಯಲ್ಲೂ ತಮ್ಮಷ್ಟಕ್ಕೆ ಮಿಡಿಯುತ್ತಿರುತ್ತವೆ. ಆ ಸುತ್ತುವ ಪೊರೆಗೆ ಅಂಟಿಕೊಳ್ಳುವ ಒಂದು ಪ್ರೋಟೀನಿಗೆ ಹಸಿರು ಬೆಳಕಿನ ಬಾಲ ಸೇರಿಸಿರುತ್ತೇವೆ. ಮೊದಲು ಇಡೀ ಜೀವಕೋಶ ಮಂಕು ಹಸಿರು. ಪೋಷಕ ದ್ರವ ತೆಗೆದು ಬರೀ ಉಪ್ಪುನೀರು ಹಾಕಿ, ಎರಡು ಗಂಟೆ ಬಿಟ್ಟು ನೋಡಿದರೆ ಚುಕ್ಕೆ ಚುಕ್ಕೆ. ಮಳೆಗಾಲದ ಮುಂಚೆ ತೋಟದಲ್ಲಿ ಮಿಂಚುಹುಳ ಕಂಡ ಹಾಗೆ. ಮೊದಲ ಸಲ ನೋಡಿದ ದಿನ ಊಟಕ್ಕೆ ಹೋಗುವುದೇ ಮರೆತಿದ್ದೆ.

ಹುಟ್ಟಿದ ಇಲಿಮರಿಗೂ ಹೀಗೇ ಆಗುತ್ತದೆ. ಹೊಕ್ಕುಳಬಳ್ಳಿ ತುಂಡಾದ ಕೂಡಲೇ ತಾಯಿಯಿಂದ ಬರುತ್ತಿದ್ದ ಆಹಾರ ನಿಲ್ಲುತ್ತದೆ, ಹೃದಯದಲ್ಲಿ ಆಟೊಫಜಿ ಜೋರಾಗುತ್ತದೆ. ಅದಕ್ಕೆ ಬೇಕಾದ ಒಂದು ಜೀನ್ ತೆಗೆದ ಮರಿಗಳು ಒಂದು ದಿನದೊಳಗೆ ಸತ್ತವು ಅಂತ 2004ರಲ್ಲಿ ಜಪಾನಿನವರು ತೋರಿಸಿದರು.

ರಕ್ತನಾಳ ಕಟ್ಟಿಕೊಳ್ಳುವುದನ್ನು ಮಾತ್ರ ಇದರ ಜೊತೆ ಸೇರಿಸಬೇಡಿ. ಅಲ್ಲಿ ಆಮ್ಲಜನಕವೂ ಇಲ್ಲ, ಕೊಬ್ಬು ಉರಿಯುವುದೇ ಇಲ್ಲ. ಪೂರ್ತಿ ಕಟ್ಟಿದರೆ ಸುಮಾರು 20 ನಿಮಿಷದಲ್ಲಿ ಜೀವಕೋಶ ಸಾಯಲು ಶುರುವಾಗುತ್ತದೆ. ಅದು ಹಸಿವಲ್ಲ, ಉಸಿರುಗಟ್ಟುವುದು.

ಉಪವಾಸದಿಂದ ಹೃದಯ ಕ್ಲೀನ್ ಆಗುತ್ತದೆ ಅನ್ನುವ ವಾಟ್ಸಾಪ್ ಮೆಸೇಜ್ ನನಗೂ ವಾರಕ್ಕೊಂದು ಬರುತ್ತದೆ. ನನಗೆ ನಂಬಿಕೆ ಇಲ್ಲ. ನಾನು ಮೇಲೆ ಹೇಳಿದ ಪ್ರಯೋಗಗಳು ಹೆಚ್ಚಾಗಿ ಇಲಿಯವು. ಒಂದು ದಿನ ತಿನ್ನದಿದ್ದರೆ ಇಲಿಯ ತೂಕ ಎದ್ದು ಕಾಣುವಷ್ಟು ಇಳಿಯುತ್ತದೆ, ನಮಗೆ ಹಾಗಾಗುತ್ತಾ? ಅದರ ಒಂದು ದಿನವೂ ನಮ್ಮ ಒಂದು ದಿನವೂ ಒಂದೇ ಅಲ್ಲ. ನೀವು ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಗೊಳ್ಳುತ್ತಿದ್ದರೆ ಮುಂದಿನ ಏಕಾದಶಿಗೆ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.