ಸಿಪ್ಪೆ ಏಳುತ್ತಿರುವ ಕ್ರೋಮ್ ಚಕ್ರ: ಬಣ್ಣ ಮನೆಯಲ್ಲೋ, ಅಂಗಡಿಯಲ್ಲೋ?

ಪ್ರಶ್ನೆ: ಉಡುಪಿಯವನು. ಸೆಕೆಂಡ್ ಹ್ಯಾಂಡ್ ಇನ್ನೋವಾ ಕೊಂಡಿದ್ದೇನೆ. ಹಿಂದಿನ ಮಾಲೀಕರು ಹಾಕಿಸಿದ್ದ 16 ಇಂಚಿನ ಕ್ರೋಮ್ ಅಲಾಯ್ ಚಕ್ರಗಳು ಹಾಗೆಯೇ ಇವೆ. ಎರಡು ಚಕ್ರಗಳಲ್ಲಿ ಕ್ರೋಮ್ ಗುಳ್ಳೆ ಎದ್ದು ಸಿಪ್ಪೆ ಬಿಡುತ್ತಿದೆ. ಇನ್ನೆರಡು ಮಂಕಾಗಿವೆ, ಅಷ್ಟೇ. ನಾಲ್ಕಕ್ಕೂ ಕಪ್ಪು ಬಣ್ಣ ಹೊಡೆಸುವ ಆಸೆ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಓವನ್ನಿನಲ್ಲಿ ಬೇಯಿಸುವುದು) ಮಾಡುವವರು ಒಂದು ಚಕ್ರಕ್ಕೆ 4,000 ರೂಪಾಯಿ ಹೇಳಿದರು. ಸ್ಪ್ರೇ ಡಬ್ಬಿ ತಂದು ಮನೆಯಲ್ಲೇ ಹೊಡೆದರೆ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದೆ ಎಂದು ನನ್ನ ತಮ್ಮನ ವಾದ. ಯಾರ ಮಾತು ಕೇಳಲಿ?

ಉತ್ತರ: ಮಂಕಾದ ಎರಡು ಚಕ್ರಗಳ ಮಟ್ಟಿಗೆ ತಮ್ಮನ ಮಾತು ಕೇಳಬಹುದು. ಗುಳ್ಳೆ ಎದ್ದ ಎರಡರ ವಿಷಯದಲ್ಲಿ ಬೇಡ. ಖರ್ಚಿನ ಅಂದಾಜಿನಲ್ಲಂತೂ ಆತ ನಾಲ್ಕೂ ಚಕ್ರಕ್ಕೆ ತಪ್ಪಿದ್ದಾನೆ. ಅದನ್ನು ಆಮೇಲೆ ನೋಡೋಣ.

ಅಲಾಯ್ ಚಕ್ರದ ಕ್ರೋಮ್ ಎಂದರೆ ಒಂದೇ ಪದರವಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ತೀರ ಮೇಲೆ ಕ್ರೋಮಿಯಂ. ನಾವು ನೋಡಿ ಮೆಚ್ಚುವ ಈ ಮೇಲಿನ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ತುಕ್ಕನ್ನು ತಡೆಯುವ ಕೆಲಸವೆಲ್ಲ ಅದರ ಕೆಳಗಿನ ನಿಕ್ಕಲ್‌ನದು. ಕಲ್ಲು ಬಡಿದೋ, ಚಕ್ರದ ಅಂಚು ಫುಟ್‌ಪಾತಿಗೆ ಉಜ್ಜಿಯೋ ಒಂದು ಕಡೆ ನಿಕ್ಕಲ್ ಒಡೆದರೆ ಉಪ್ಪಿನ ತೇವ ಒಳಗೆ ಇಳಿಯುತ್ತದೆ. ನಿಮ್ಮೂರಿನ ಕಡಲಗಾಳಿಗೆ ಇದು ಸುಲಭದ ಕೆಲಸ. ಆಮೇಲೆ ಅಲ್ಯೂಮಿನಿಯಂ ಒಳಗಿನಿಂದಲೇ ಬಿಳಿ ಪುಡಿಯಾಗುತ್ತ ಉಬ್ಬುತ್ತದೆ, ಮೇಲಿನ ಪದರಗಳನ್ನು ಎತ್ತುತ್ತದೆ. ನಿಮಗೆ ಕಾಣುತ್ತಿರುವ ಗುಳ್ಳೆ ಅದೇ. ಅದರ ಮೇಲೆ ಎಷ್ಟೇ ದುಬಾರಿ ಬಣ್ಣ ಹೊಡೆಯಿರಿ, ಕ್ರೋಮ್ ಎದ್ದಾಗ ಬಣ್ಣವೂ ಅದರ ಜೊತೆಗೇ ಎದ್ದು ಬರುತ್ತದೆ. ಬೈಯಿಸಿಕೊಳ್ಳುವುದು ಮಾತ್ರ ಬಣ್ಣ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಕ್ರೋಮ್ ಇನ್ನೂ ಹಿಡಿದುಕೊಂಡಿದೆಯೇ ಎಂದು. ಮಂಕಾದ ಚಕ್ರಗಳಲ್ಲೂ ಇದನ್ನು ಪರೀಕ್ಷಿಸಿ. ಚಕ್ರದ ಕಡ್ಡಿಯ (ಸ್ಪೋಕ್) ಒಳಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಹೊಸ ಬ್ಲೇಡಿನಿಂದ ಅಡ್ಡ ನಾಲ್ಕು, ಉದ್ದ ನಾಲ್ಕು ಗೆರೆ ಒತ್ತಿ ಎಳೆಯಿರಿ. ಅದರ ಮೇಲೆ ಅಗಲವಾದ ಸೆಲೋ ಟೇಪನ್ನು ಉಗುರಿನಿಂದ ತಿಕ್ಕಿ ಅಂಟಿಸಿ, ಒಂದೇ ಎಳೆತಕ್ಕೆ ಕಿತ್ತುಬಿಡಿ. ಟೇಪನ್ನು ಬೆಳಕಿಗೆ ಹಿಡಿದು ನೋಡಿ. ಏನೂ ಅಂಟಿರದಿದ್ದರೆ ಆ ಚಕ್ರಕ್ಕೆ ಮನೆಯಲ್ಲಿ ಬಣ್ಣ ಹೊಡೆಯಬಹುದು. ಮಿನುಗುವ ಚೂರು ಒಂದೇ ಒಂದು ಕಂಡರೂ ಕ್ರೋಮ್ ಪೂರ್ತಿ ತೆಗೆಸದೆ ಬೇರೆ ದಾರಿಯಿಲ್ಲ. ಈ ಚೂರುಗಳು ಬ್ಲೇಡಿನಷ್ಟೇ ಹರಿತ. ಚಕ್ರವನ್ನು ಬರಿಗೈಯಲ್ಲಿ ಒರೆಸಬೇಡಿ.

ಕ್ರೋಮ್ ತೆಗೆಯುವುದಕ್ಕೆ ಮನೆಯಲ್ಲಿ ದಾರಿ ಹುಡುಕುವವರಿಗೆ ಇಂಟರ್ನೆಟ್ಟಿನಲ್ಲಿ ಎರಡು ಸಲಹೆ ಸಿಗುತ್ತವೆ, ಎರಡೂ ಅಪಾಯದವು. ಒಂದು, ಶೌಚಾಲಯ ತೊಳೆಯುವ ಆ್ಯಸಿಡ್. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮಿಯಂ ಕರಗಿಸುತ್ತದೆ, ನಿಜ. ಅಷ್ಟಕ್ಕೇ ನಿಲ್ಲದೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಹೊತ್ತಿ ಉರಿಯುವ ಹೈಡ್ರೋಜನ್ ಬಿಡುತ್ತದೆ. ಇನ್ನೊಂದು, ಬ್ಯಾಟರಿ ಚಾರ್ಜರ್ ಮತ್ತು ಕಾಸ್ಟಿಕ್ ಸೋಡಾ ಇಟ್ಟುಕೊಂಡು ವಿದ್ಯುತ್ತಿನಿಂದ ಬಿಡಿಸುವುದು. ಆ ನೀರು ಹಳದಿಯಾಗುತ್ತದೆಯಲ್ಲ, ಆ ಹಳದಿಯಲ್ಲಿರುವುದು ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ. ಅದನ್ನು ಚೆಲ್ಲಿದರೆ ಸೇರುವುದು ನಿಮ್ಮ ಬಾವಿಗೇ. ಗ್ರೈಂಡರ್ ಹಿಡಿದು ಒಣಗಿದ್ದಾಗಲೇ ಉಜ್ಜುವವರೂ ಇದ್ದಾರೆ. ನಿಕ್ಕಲ್ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು, ಅದನ್ನೂ ಬಿಟ್ಟುಬಿಡಿ.

ದುಡ್ಡು ಕೊಡುವುದಿದ್ದರೆ ಇಲ್ಲಿ ಕೊಡಿ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಕ್ರೋಮ್ ಮತ್ತು ನಿಕ್ಕಲ್‌ಗಳನ್ನು ತಮ್ಮ ತೊಟ್ಟಿಗಳಲ್ಲಿ ಕರಗಿಸಿ ತೆಗೆಯುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಘಟಕಗಳು ಧಾರಾಳವಾಗಿವೆ. ನೀವು ಮೊದಲು ಮಂಗಳೂರಿನ ಬೈಕಂಪಾಡಿಯಲ್ಲಿ ವಿಚಾರಿಸಿ. "ಕ್ರೋಮ್ ಮಾತ್ರ ತೆಗೆದು ಕೊಡಿ, ಬಣ್ಣ ಬೇಡ" ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ಹೀಗೆ ಬರಿಮೈಯಾಗಿ ಬಂದ ಚಕ್ರವನ್ನು ಮಾತ್ರ ವಾರಗಟ್ಟಲೆ ಶೆಡ್ಡಿನಲ್ಲಿ ಇಡಬಾರದು. ಬಂದ ದಿನವೇ ಸ್ವಚ್ಛಗೊಳಿಸಿ ಪ್ರೈಮರ್ ಹೊಡೆಯಬೇಕು, ಇಲ್ಲದಿದ್ದರೆ ಕರಾವಳಿಯ ತೇವಕ್ಕೆ ಮತ್ತೆ ಬಿಳಿ ಪುಡಿ ಕಟ್ಟಲು ಶುರುವಾಗುತ್ತದೆ.

ಇನ್ನು ಕ್ರೋಮ್ ಗಟ್ಟಿಯಾಗಿರುವ ಚಕ್ರಗಳ ಮಾತು. ಹೊಳೆಯುವ ಕ್ರೋಮ್ ಮೇಲೆ ಬಣ್ಣ ಕೆಸುವಿನೆಲೆಯ ಮೇಲಿನ ನೀರು. ಅದು ಹಿಡಿದು ನಿಲ್ಲಲು ಸಣ್ಣ ಸಣ್ಣ ಗೀರುಗಳು ಬೇಕು. ಟೈರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸಿಕೊಂಡು ಬನ್ನಿ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಬ್ರೇಕ್ ಧೂಳು ಪೂರ್ತಿ ಹೋದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಸುತ್ತದೆ. ನಂತರ 240 ನಂಬರಿನ ವಾಟರ್ ಪೇಪರ್ ಎಂಬ ಉಪ್ಪುಕಾಗದದಿಂದ ನೀರು ಹಾಕುತ್ತ ಉಜ್ಜಿ, ಆಮೇಲೆ 400. ಇದೇ ಬೇಸರದ ಕೆಲಸ, ಎಲ್ಲರೂ ಮೋಸ ಮಾಡುವುದೂ ಇಲ್ಲಿಯೇ. ಕಡ್ಡಿಗಳು ಸೇರುವ ಮೂಲೆ, ನಟ್ಟಿನ ಗುಳಿಯ ಸುತ್ತ, ವಾಲ್ವ್ ತೂತಿನ ಅಂಚು, ಬೆರಳು ಹೋಗದ ಜಾಗಗಳಲ್ಲೆಲ್ಲ ಹೊಳಪು ಅಡಗಿ ಕುಳಿತಿರುತ್ತದೆ. ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಚಕ್ರ ಪೂರ್ತಿ ಬೂದು ಬಣ್ಣಕ್ಕೆ ತಿರುಗಿರಬೇಕು. ಮಿಂಚುವ ಮೂಲೆ ಒಂದಿದ್ದರೆ ಮುಂದೆ ಬಣ್ಣ ಬಿಡುವುದು ಆ ಮೂಲೆಯಿಂದಲೇ.

ಪ್ರೈಮರ್ ಎಪಾಕ್ಸಿಯದ್ದಿರಲಿ. ಆಮ್ಲ ಬೆರೆಸಿದ ಎಚ್ (etch) ಪ್ರೈಮರ್ ಬರಿ ಅಲ್ಯೂಮಿನಿಯಂ ಮೇಲೆ ಚೆನ್ನಾಗಿ ಕಚ್ಚುತ್ತದೆ, ಆದರೆ ಅದರ ಆಮ್ಲಕ್ಕೆ ಕ್ರೋಮ್ ಅಷ್ಟಾಗಿ ಬಗ್ಗುವುದಿಲ್ಲ. ಬಣ್ಣವನ್ನು ಒಂದು ಗೇಣು ದೂರದಿಂದ ತೆಳುವಾಗಿ ಮೂರು ನಾಲ್ಕು ಕೋಟ್ ಹೊಡೆಯಿರಿ, ನಡುವೆ ಹತ್ತು ನಿಮಿಷ ಬಿಡಿ. ಕೊನೆಯಲ್ಲಿ ಬಣ್ಣವನ್ನು ಕಾಯುವ ಪಾರದರ್ಶಕ ಲ್ಯಾಕರ್ ಎರಡು ಮೂರು ಕೋಟ್. ಲ್ಯಾಕರ್ ಮಾತ್ರ ಹಾರ್ಡ್‌ನರ್ ಸೇರಿದ 2ಕೆ ಇರಬೇಕು. ಸಾದಾ ಡಬ್ಬಿಯದ್ದು ಚೆಲ್ಲಿದ ಪೆಟ್ರೋಲಿಗೂ ಬ್ರೇಕ್ ಆಯಿಲಿಗೂ ಕರಗುತ್ತದೆ. 2ಕೆ ಡಬ್ಬಿಯಲ್ಲಿ ಇವೆರಡನ್ನು ಬೆರೆಸುವ ತಳದ ಗುಂಡಿ ಒಮ್ಮೆ ಒತ್ತಿದ ಮೇಲೆ ಒಳಗಿರುವುದು ಒಂದೆರಡು ದಿನದಲ್ಲಿ ಕಲ್ಲಾಗುತ್ತದೆ. ಆದ್ದರಿಂದ ನಾಲ್ಕೂ ಚಕ್ರ ಸಿದ್ಧವಾದ ಮೇಲೆಯೇ ಒತ್ತಿ. ಅದರಲ್ಲಿ ಉಸಿರಿಗೆ ಅಪಾಯಕಾರಿಯಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುವುದರಿಂದ ಬಟ್ಟೆಯ ಮಾಸ್ಕ್ ಸಾಲದು, ರಾಸಾಯನಿಕ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಈ ಕೆಲಸ ಮನೆಯಲ್ಲಿ ಮಾಡಲೇಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಗಾಳಿಯ ತೇವಕ್ಕೆ ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಜನವರಿಯ ಒಂದು ಒಣ ಬೆಳಗ್ಗೆ ಸಾಕು.

ಬಣ್ಣ ಬೀಳಲೇಬಾರದ ಮೂರು ಜಾಗಗಳಿವೆ. ನಟ್ಟು ಕೂರುವ ಗುಳಿ, ಚಕ್ರ ಕಾರಿನ ಹಬ್ಬಿಗೆ (ಚಕ್ರವನ್ನು ಬಿಗಿಯುವ ಭಾಗಕ್ಕೆ) ತಾಗುವ ಹಿಂಬದಿಯ ಸಪಾಟು ಮೈ, ಟೈರಿನ ಅಂಚು ಕೂರುವ ಏಣು. ನಟ್ಟಿನ ಕೆಳಗಿನ ಬಣ್ಣ ಓಡಾಟದಲ್ಲಿ ಅರೆದುಹೋಗಿ ನಟ್ಟು ಸಡಿಲಾಗುತ್ತದೆ, ಅಂದರೆ ಚಕ್ರವೇ ಕಳಚುವ ಮಾತು. ಏಣಿನ ಮೇಲೆ ದಪ್ಪ ಬಣ್ಣ ಕೂತರೆ ಗಾಳಿ ನಿಧಾನವಾಗಿ ಸೋರುತ್ತದೆ. ಮಾಸ್ಕಿಂಗ್ ಟೇಪಿನಲ್ಲಿ ಜಿಪುಣತನ ಬೇಡ. ಮರುಜೋಡಿಸಿ ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿಸಿ.

ಈಗ ತಮ್ಮನ ಎರಡು ಸಾವಿರ. ನಾಲ್ಕು ಚಕ್ರಕ್ಕೆ ಪ್ರೈಮರ್, ಬಣ್ಣ, ಲ್ಯಾಕರ್ ಎಲ್ಲ ಸೇರಿ ಎಂಟರಿಂದ ಹತ್ತು ಡಬ್ಬಿ ಖರ್ಚಾಗುತ್ತವೆ. ಅದರಲ್ಲಿ 2ಕೆ ಡಬ್ಬಿಗಳ ಬೆಲೆ ಸಾದಾ ಡಬ್ಬಿಯದಕ್ಕಿಂತ ಎಷ್ಟೋ ಹೆಚ್ಚು. ಮಾಸ್ಕ್, ವಾಟರ್ ಪೇಪರ್, ಟೈರ್ ಬಿಚ್ಚಿ ಹಾಕುವ ಕೂಲಿ, ವೀಲ್ ಬ್ಯಾಲೆನ್ಸಿಂಗ್ ಎಲ್ಲವೂ ಬೇರೆ. ಎರಡು ಸಾವಿರ ರೂಪಾಯಿ ಡಬ್ಬಿಗಳಿಗೇ ಸಾಲದು. ಹಾಗಿದ್ದರೂ ನಾಲ್ಕು ಚಕ್ರಕ್ಕೆ ಪೌಡರ್ ಕೋಟಿಂಗಿನ 16,000ಕ್ಕಿಂತ ಕಡಿಮೆಯೇ, ಒಪ್ಪುತ್ತೇನೆ.

ಪೌಡರ್ ಕೋಟಿಂಗ್ ಮಾಡುವವರಿಗೆ ನಾನಾದರೆ ಕೇಳುವ ಮೊದಲ ಪ್ರಶ್ನೆ: ಕ್ರೋಮ್ ತೆಗೆದು ಹಾಕುತ್ತೀರೋ, ಅದರ ಮೇಲೆಯೇ ಹಾಕುತ್ತೀರೋ? "ಮೇಲೆಯೇ ಹಾಕುತ್ತೇವೆ, ಏನೂ ಆಗಲ್ಲ" ಎಂದರೆ ನಮಸ್ಕಾರ ಹೇಳಿ ಹೊರಡಿ. ಎರಡನೆಯದು, ಓವನ್ ಎಷ್ಟು ಡಿಗ್ರಿ, ಎಷ್ಟು ಹೊತ್ತು? ಪೌಡರ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಅಲಾಯ್ ಚಕ್ರಕ್ಕೆ ಗಟ್ಟಿತನ ಬಂದಿರುವುದೇ ಕಾರ್ಖಾನೆಯಲ್ಲಿ ಅಳತೆ ಮಾಡಿ ಕೊಟ್ಟ ಶಾಖದಿಂದ. ಅದನ್ನು ಮೀರಿ ಬಹಳ ಹೊತ್ತು ಕಾಯಿಸಿದರೆ ಲೋಹದ ಬಲ ಕುಗ್ಗುತ್ತದೆ. ಹಳೆಯ ಬಣ್ಣವನ್ನು ಓವನ್‌ನಲ್ಲಿ ಸುಟ್ಟು ತೆಗೆಯುವ, ಡೊಂಕಾದ ಅಂಚನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಡಿದು ನೇರ ಮಾಡುವ ಅಂಗಡಿಗಳಿಗೆ ಚಕ್ರ ಕೊಡಬೇಡಿ. ಬಿರುಕು ಇದ್ದರೆ ಯಾರಿಗೂ ಕೊಡಬೇಡಿ, ಗುಜರಿಗೆ ಹಾಕಿ. ಬಿರುಕನ್ನು ಮುಚ್ಚುವುದರಲ್ಲಿ ಬಣ್ಣದಷ್ಟು ಜಾಣ ಇನ್ನೊಂದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಾಳಾದ ಎರಡರ ಕ್ರೋಮ್ ತೆಗೆಸಿ, ನಾಲ್ಕಕ್ಕೂ ಬಣ್ಣ ಮನೆಯಲ್ಲೇ ಒಟ್ಟಿಗೆ ಹೊಡೆಯುತ್ತಿದ್ದೆ. ಎರಡು ಅಂಗಡಿಯಲ್ಲಿ, ಎರಡು ಮನೆಯಲ್ಲಿ ಎಂದು ಹಂಚಿದರೆ ಕಪ್ಪಿನಲ್ಲೂ ವ್ಯತ್ಯಾಸ ಕಾಣುತ್ತದೆ. ಉಜ್ಜುವ ತಾಳ್ಮೆ ತಮ್ಮನಿಗಿಲ್ಲ ಎಂದು ನಿಮಗೇ ಗೊತ್ತಿದ್ದರೆ ಮಾತ್ರ ನಾಲ್ಕನ್ನೂ ಅಂಗಡಿಗೆ ಕಳಿಸಿ.

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿಗೆ ನನ್ನ ಹಳೆಯ ಕಾರಿನ ಕ್ರೋಮ್ ಚಕ್ರಗಳು ಅಂಚಿನಲ್ಲಿ ಬಾಯಿಬಿಟ್ಟಿವೆ. ಬಡಿದರೆ ಪ್ಲಾಸ್ಟಿಕ್ಕಿನ ಸದ್ದು ಬರುತ್ತದೆ. ಇವನ್ನೂ ಪೌಡರ್ ಕೋಟ್ ಮಾಡಿಸಬಹುದೇ?

ಉತ್ತರ: ಸದ್ದೇ ಉತ್ತರ ಹೇಳಿದೆ. ಅದು ಅಲಾಯ್ ಮೇಲೆ ಅಂಟಿಸಿದ ಕ್ರೋಮ್ ಲೇಪದ ಪ್ಲಾಸ್ಟಿಕ್ ಮುಖವಾಡ. ನಿಮ್ಮ ಕಡೆಯ ಕಾರುಗಳಲ್ಲಿ ಇದು ಮಾಮೂಲು. ಓವನ್‌ಗೆ ಇಟ್ಟರೆ ಕರಗಿಹೋಗುತ್ತದೆ. ಅದನ್ನು ಕಿತ್ತರೆ ಕೆಳಗಿರುವ ಚಕ್ರ ಅಂದಕ್ಕೆಂದು ಮಾಡಿದ್ದಲ್ಲ, ಅಂಟಿನ ಉಂಡೆಗಳೂ ಇರುತ್ತವೆ. ದುರಸ್ತಿಯ ಗೋಜಿಗೆ ಹೋಗದೆ ಅದೇ ಅಳತೆಯ ಬೇರೆ ಚಕ್ರ ಕೊಳ್ಳಿ.

ಪ್ರಶ್ನೆ: ಅಂಗಡಿಯಲ್ಲಿ "ಕ್ರೋಮ್ ಸ್ಪ್ರೇ" ಎಂಬ ಡಬ್ಬಿ ಸಿಗುತ್ತದೆ. ಅದನ್ನು ಹೊಡೆದರೆ ಮೊದಲಿನ ಹೊಳಪು ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಅದು ಒಳ್ಳೆಯ ಬೆಳ್ಳಿ ಬಣ್ಣ, ಅಷ್ಟೇ. ಮುಚ್ಚಳದ ಮೇಲಿನ ಕನ್ನಡಿ ಹೊಳಪು ನಂಬಬೇಡಿ. ರಕ್ಷಣೆಗೆಂದು ಮೇಲೆ ಲ್ಯಾಕರ್ ಹೊಡೆದ ಕೂಡಲೇ ಇದ್ದ ಹೊಳಪೂ ಮಂಕಾಗುತ್ತದೆ, ಹೊಡೆಯದಿದ್ದರೆ ಬೆರಳಿಗೆ ಅಂಟುತ್ತದೆ. ನಿಜವಾದ ಕ್ರೋಮ್ ಬೇಕೆಂದರೆ ಪ್ಲೇಟಿಂಗೇ ಮಾಡಿಸಬೇಕು. ಆ ಖರ್ಚಿಗೆ ಹೆಚ್ಚುಕಡಿಮೆ ಹೊಸ ಚಕ್ರಗಳೇ ಬರುತ್ತವೆ.

ಪ್ರಶ್ನೆ: ಬಣ್ಣ ಹೊಡೆಸಿದ ಚಕ್ರಗಳನ್ನು ಸರ್ವಿಸ್ ಸ್ಟೇಷನ್‌ನಲ್ಲಿ ತೊಳೆಸಬಹುದೇ?

ಉತ್ತರ: ಮೊದಲ ಎರಡು ವಾರ ಬೇಡ. ಆಮೇಲೆ ತೊಳೆಸಿ, ಆದರೆ ಚಕ್ರಕ್ಕೆ ಆ್ಯಸಿಡ್ ಹಾಕಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ. ಕಾರಿಗೆ ಬಳಸುವ ಶಾಂಪೂವೇ ಸಾಕು. ಘಾಟಿ ಇಳಿದು ನೇರ ಅಲ್ಲಿಗೆ ಹೋಗಿದ್ದರೆ ಕಾಲು ಗಂಟೆ ಚಹಾ ಕುಡಿದು, ಚಕ್ರ ತಣ್ಣಗಾದ ಮೇಲೆ ನೀರು ಬಿಡಿಸಿ.