ಸಿಮೆಂಟ್ ನಮ್ಮದು, ಬಿಲ್ಡಿಂಗ್ ಅವರದು

ಕಲಬುರಗಿ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಕಾರ್ಖಾನೆ ಬಂದರೆ ಊರು ಉದ್ಧಾರವಾಗುತ್ತದೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಆದರೂ ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಗಾರೆ ಕೆಲಸ ಮಾಡುತ್ತಾರೆ. ಸಿಮೆಂಟ್ ನಮ್ಮದು, ಬಿಲ್ಡಿಂಗ್ ಅವರದು. ಯಾಕೆ ಹೀಗೆ?’

ನಿಮ್ಮ ಮಾತು ನಿಜ. ನಾನು ಅವಸರದಲ್ಲಿ ಬರೆದುಬಿಟ್ಟೆ. ಎಂಥ ಕಾರ್ಖಾನೆ ಬಂತು, ಅದರ ಸುತ್ತ ಏನು ಬೆಳೆಯಿತು ಅನ್ನೋದನ್ನು ಕೇಳಲೇಬೇಕಿತ್ತು.

ಕೋಲಾರದ ಚಿನ್ನದ ಗಣಿ ನೋಡಿ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಅಲ್ಲಿಗೆ. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಕೆಜಿಎಫ್ ಮುಂದಿತ್ತು, ಅಲ್ವಾ? ಆದರೆ ಚಿನ್ನ ತೆಗೆದರು, ಹೊರಗೆ ಕಳಿಸಿದರು. ಮಣ್ಣು ಅಗೆಯುವ ಯಂತ್ರ ಮಾಡುವ ಬೆಮೆಲ್ ಕಾರ್ಖಾನೆ ಬಿಟ್ಟರೆ ಬೇರೆ ಕಸುಬು ಹೆಚ್ಚು ಬೇರು ಬಿಡಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಈಗ ಅಲ್ಲಿನ ಸಾವಿರಾರು ಜನ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ.

ಬೆಂಗಳೂರಿನಲ್ಲಿ ಆಗಿದ್ದೇ ಬೇರೆ. 1909ರಲ್ಲಿ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಾದ ಟಾಟಾ ಇನ್‌ಸ್ಟಿಟ್ಯೂಟ್ ಹುಟ್ಟಿತು. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆ, 1953ರಲ್ಲಿ ಯಂತ್ರ ಮಾಡುವ ಎಚ್‌ಎಂಟಿ ಬಂದವು. ವಿಮಾನಕ್ಕೆ, ಟೆಲಿಫೋನಿಗೆ ನೂರಾರು ಬಿಡಿಭಾಗ ಬೇಕು. ಮಾಡಿಕೊಡಲು ಲೇತ್ ಇಟ್ಟ ಶೆಡ್ಡುಗಳು ಎದ್ದವು. ಅಲ್ಲಿ ಕೈ ಪಳಗಿದ ಟರ್ನರ್ ಮುಂದೆ ತನ್ನದೇ ಶೆಡ್ ಹಾಕಿದ. ಪೀಣ್ಯ ಕೈಗಾರಿಕಾ ಪ್ರದೇಶ ತುಂಬಿದ್ದು ಹೀಗೆ. ಆದರೆ ಸಿಮೆಂಟಿಗೆ ಬೇಕಾದದ್ದು ಸುಣ್ಣದ ಕಲ್ಲು, ಕಲ್ಲಿದ್ದಲು, ರೈಲು. ಚೀಲ ತುಂಬಿದ ಮೇಲೆ ಅದು ಊರು ಬಿಟ್ಟು ಹೋಗುತ್ತದೆ.

ಜೊತೆಗೆ ಹಳೆಯ ಅಂತರವೂ ಇದೆ. ಮೈಸೂರು ಸಂಸ್ಥಾನ ಕರೆಂಟಿಗೆ, ಶಾಲೆಗೆ ದುಡ್ಡು ಹಾಕುತ್ತಿದ್ದಾಗ ನಿಮ್ಮ ಸೀಮೆ ನಿಜಾಮರ ರಾಜ್ಯದ ಒಂದು ಅಂಚು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ನಿಮ್ಮ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಾಲೇಜು ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿದೆ. ಅದು ದೊಡ್ಡ ವಿಷಯ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಮಾತ್ರ ಅದು ನಡೆಯುವುದಿಲ್ಲ.

ಇನ್ನೊಂದು ಸಿಮೆಂಟ್ ಕಾರ್ಖಾನೆ ಬಂದರೂ ಇದು ಜಾಸ್ತಿ ಬದಲಾಗದು ಅಂತ ನನಗೆ ಅನ್ನಿಸುತ್ತದೆ. ನಿಮ್ಮಲ್ಲಿ ತೊಗರಿ ಇದೆ, ದಾಲ್ ಮಿಲ್ಲುಗಳಿವೆ. ಆ ಮಿಲ್ಲುಗಳ ಮಷೀನು ನಿಮ್ಮಲ್ಲೇ ತಯಾರಾಗಬೇಕು, ಕೆಟ್ಟರೆ ನಿಮ್ಮ ಹುಡುಗರೇ ರಿಪೇರಿ ಮಾಡಬೇಕು. ಅದನ್ನು ಕಲಿಸುವ ತರಬೇತಿ ಶಾಲೆ ತಾಲ್ಲೂಕಿನಲ್ಲೇ ಇರಬೇಕು.

ಒಂದು ಕೆಲಸ ಮಾಡಿಕೊಡಿ. ನಿಮ್ಮೂರಿನಿಂದ ಕಾರ್ಖಾನೆಗೆ ಹೋಗುವವರಲ್ಲಿ ಎಷ್ಟು ಮಂದಿ ಖಾಯಂ, ಎಷ್ಟು ಮಂದಿ ಗುತ್ತಿಗೆ ಅಂತ ವಿಚಾರಿಸಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ