ನೀರು ಹೋದದ್ದಕ್ಕೇ ಮತ್ತೆ ಆಪರೇಷನ್ನಾ?

ಕೊಲೆಸ್ಟಿಯಟೋಮಾ (ಕಿವಿತಮಟೆಯ ಹಿಂದೆ ಚರ್ಮ ಬೆಳೆಯುವ ಕಾಯಿಲೆ) ಎಂದು ಪತ್ತೆಯಾಗಿ ಕಿವಿಯ ಶಸ್ತ್ರಚಿಕಿತ್ಸೆಯಾದ ಮಕ್ಕಳ ತಂದೆತಾಯಂದಿರು ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ತರುವ ದೂರು ಹೆಚ್ಚುಕಡಿಮೆ ಒಂದೇ: ‘ಗಾಯ ಒಣಗಿದೆ, ಮಗು ಮಾತ್ರ ಮೊದಲಿನಂತಿಲ್ಲ.’ ಗುರುತು ಮರೆಸಿ ಇಲ್ಲಿ ಬರೆಯುತ್ತಿರುವುದು 9 ವರ್ಷದ ಹುಡುಗಿಯೊಬ್ಬಳ ವಿಷಯ. ಅವಳು ತಲೆಸ್ನಾನಕ್ಕೆ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ದಿಂಬಿನ ಮೇಲೆ ಕಿವಿ ಸೋರಿದ ಕಲೆ ಇದೆಯೇ ಎಂದು ಹುಡುಕುತ್ತಿದ್ದಳು.

ಎರಡನೆಯ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ, ಕಿವಿಯ ಚಿತ್ರ ಬರೆಯಲು ಹೇಳಿದೆ. ಅವಳು ಕಿವಿ ಬರೆದು, ಅದರೊಳಗೊಂದು ಹನಿ ಬರೆದು, ಕಾಗದ ಹರಿಯುವಷ್ಟು ಒತ್ತಿ ಅದನ್ನು ಕಪ್ಪು ಮಾಡತೊಡಗಿದಳು. ಇದೇನೆಂದು ಕೇಳಿದಾಗ, ‘ಹತ್ತಿ ಜಾರಿ ನೀರು ಒಳಗೆ ಹೋಗಿತ್ತು ಮೇಡಂ, ಯಾರಿಗೂ ಹೇಳಿಲ್ಲ. ಅದಕ್ಕೇ ತಾನೆ ಮತ್ತೆ ಆಪರೇಷನ್ ಮಾಡ್ತಾರೆ?’ ಎಂದಳು. ವರ್ಷದೊಳಗೆ ಇನ್ನೊಮ್ಮೆ ಕಿವಿ ತೆರೆದು ನೋಡಬೇಕೆಂದು ವೈದ್ಯರು ಹೇಳಿದ್ದನ್ನು ಮನೆಯವರು ಅವಳಿಂದ ಮುಚ್ಚಿಟ್ಟಿದ್ದರು. ಅಪ್ಪ ಫೋನಿನಲ್ಲಿ ಆಡಿದ ಮಾತು ಅವಳಿಗೆ ಕೇಳಿಸಿತ್ತು. ನೀರು ಹೋದರೆ ಮತ್ತೆ ಕೊಯ್ಯುತ್ತಾರೆಂದು ಅಜ್ಜಿ ಹೆದರಿಸಿದ್ದೂ ಅದರೊಂದಿಗೆ ಸೇರಿ, ತಪ್ಪೆಲ್ಲ ತನ್ನದೇ ಎಂದು ಆ ಮಗು ನಂಬಿಕೊಂಡಿತ್ತು.

ಅವಳ ಒಪ್ಪಿಗೆ ಪಡೆದು ತಂದೆತಾಯಿಗೆ ವಿಷಯ ತಿಳಿಸಿ, ಎರಡನೆಯ ಶಸ್ತ್ರಚಿಕಿತ್ಸೆಯ ಕಾರಣವನ್ನು ವೈದ್ಯರಿಂದಲೇ ಮಗುವಿನ ಎದುರು ಹೇಳಿಸಬೇಕೆಂದು ಸಲಹೆ ಕೊಟ್ಟೆ. ಈ ಕಾಯಿಲೆಯಲ್ಲಿ ಚರ್ಮವು ಇರಬಾರದ ಕಡೆ, ಅಂದರೆ ಕಿವಿತಮಟೆಯ ಹಿಂದೆ, ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುತ್ತದೆ. ಕಣ್ಣಿಗೆ ಕಾಣದ ಚೂರೊಂದು ಉಳಿದರೂ ಮತ್ತೆ ಬೆಳೆಯಬಹುದು, ಅದರಲ್ಲೂ ಮಕ್ಕಳಲ್ಲಿ ಮರುಕಳಿಸುವುದು ಹೆಚ್ಚು. ಆದ್ದರಿಂದಲೇ ಅನೇಕ ಮಕ್ಕಳಿಗೆ ಎರಡನೆಯ ಪರಿಶೀಲನೆಯನ್ನು ಮೊದಲೇ ಯೋಜಿಸಿರುತ್ತಾರೆ. ಕೆಲವರಿಗೆ ಎಂಆರ್‌ಐ ಸಾಕಾಗುತ್ತದೆ. ನೀರು ಹೋದರೆ ಸೋಂಕಾಗಿ ಗಾಯ ಮಾಯುವುದು ತಡವಾಗಬಹುದು, ವ್ಯಾಸಲೀನ್ ಸವರಿದ ಹತ್ತಿ ಇಡಿಸುವುದು ಅದಕ್ಕಾಗಿ. ಆದರೆ ಒಂದು ಹನಿ ನೀರು ಈ ಕಾಯಿಲೆಯನ್ನು ಹುಟ್ಟಿಸುವುದಿಲ್ಲ.

‘ಈಗಲೇ ಹೇಳಿದರೆ ತಿಂಗಳುಗಟ್ಟಲೆ ಹೆದರಿಕೊಂಡಿರುತ್ತಾಳೆ’ ಎಂದು ತಂದೆ ಆಕ್ಷೇಪಿಸಿದರು. ಇದನ್ನು ನಾನು ಒಪ್ಪಲಾರೆ. ಅವಳು ಆಗಲೇ ಹೆದರಿದ್ದಳು, ಅದೂ ಒಬ್ಬಳೇ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಬೈಗುಳಕ್ಕೆ ಅಂಜುವ ಮಗು ಕಿವಿ ಸೋರಿದರೂ, ತಲೆ ಸುತ್ತಿದರೂ ಬಾಯಿ ಬಿಡುವುದಿಲ್ಲ. ವೈದ್ಯರಿಗೆ ಕೂಡಲೇ ತಿಳಿಯಬೇಕಾದ ಲಕ್ಷಣಗಳೇ ಅವು. ಅಜ್ಜಿಗೂ ಎರಡು ಮಾತು ಹೇಳಿಕಳಿಸಿದೆ: ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದು ಬೇಡ, ಹೆದರಿಸುವ ಬದಲು ‘ನೀರು ಹೋದರೆ ನನಗೆ ಹೇಳು ಪುಟ್ಟಿ, ಬಯ್ಯೋದಿಲ್ಲ’ ಎನ್ನಲಿ. ಶಾಲೆಯಲ್ಲಿ ಚೆನ್ನಾಗಿ ಕೇಳುವ ಕಿವಿ ಟೀಚರ ಕಡೆಗಿರುವಂತೆ ಮುಂದಿನ ಬೆಂಚಿನಲ್ಲಿ ಕೂರಿಸಲು ಚೀಟಿ ಬರೆದುಕೊಟ್ಟೆ.